ಕಪ್ಪುಪೆಟ್ಟಿಗೆಯನ್ನು ಎಲ್ಲಿ ತೆರೆಯಬೇಕು?

ಕಪ್ಪುಪೆಟ್ಟಿಗೆ ಕಪ್ಪಗಿರುವುದಿಲ್ಲ. ಈ ಮಾತನ್ನು ನೀವು ಯಾವುದಾದರೂ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಕೇಳಿಯೇ ಇರುತ್ತೀರಿ. ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲೆಂದು ಅದಕ್ಕೆ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ರಸಪ್ರಶ್ನೆಯಲ್ಲಿ ಯಾರೂ ಕೇಳುವುದಿಲ್ಲ. ಪೆಟ್ಟಿಗೆ ಸಿಕ್ಕಿತು, ಸರಿ. ಅದನ್ನು ಯಾವ ದೇಶದಲ್ಲಿ ತೆರೆಯಬೇಕು? ತೆರೆಯುವಾಗ ಮೇಜಿನ ಸುತ್ತ ಯಾರು ಯಾರು ಕುಳಿತಿರಬೇಕು? ಒಂದು ದೇಶದಲ್ಲಿ ವಿನ್ಯಾಸಗೊಂಡು, ಇನ್ನೊಂದು ದೇಶದಲ್ಲಿ ತಯಾರಾಗಿ, ಮೂರನೆಯ ದೇಶದವರು ಹಾರಿಸುತ್ತಿದ್ದ ವಿಮಾನ ನಾಲ್ಕನೆಯ ದೇಶದ ರೈತನ ಹೊಲದಲ್ಲಿ ಬಿದ್ದಿದ್ದರೆ, ಅದರ ನೆನಪಿನ ಮೇಲೆ ಹಕ್ಕು ಯಾರದು? ನಮ್ಮ ದೇಶದಲ್ಲೇ ನಡೆದ ಒಂದು ಘೋರ ದುರಂತದಲ್ಲಿ ಈ ಪ್ರಶ್ನೆ ಅಕ್ಷರಶಃ ಎದುರಾಯಿತು. ಅಲ್ಲಿಂದಲೇ ಆರಂಭಿಸೋಣ.

1996ರ ನವೆಂಬರ್ 12, ಮಂಗಳವಾರ. ಸಂಜೆ 6 ಗಂಟೆ 32 ನಿಮಿಷಕ್ಕೆ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಿಂದ ಸೌದಿ ಅರೇಬಿಯದ ಬೋಯಿಂಗ್ 747 ವಿಮಾನವೊಂದು ಮೇಲೇರಿತು. ಅದರಲ್ಲಿ 312 ಜನ. ಅವರಲ್ಲಿ ಬಹುಪಾಲು ಮಂದಿ ಕೊಲ್ಲಿಗೆ ದುಡಿಯಲು ಹೊರಟಿದ್ದ ಭಾರತೀಯರು. ಅದೇ ಹೊತ್ತಿಗೆ ಕಜಕಸ್ತಾನದ ಶಿಮ್ಕೆಂತ್ ಊರಿನಿಂದ ಬಂದ ಇಲ್ಯೂಷಿನ್ 76 ವಿಮಾನ ದೆಹಲಿಯತ್ತ ಇಳಿಯುತ್ತಿತ್ತು. ಅದರಲ್ಲಿ 37 ಜನರಿದ್ದರು. ಈ ಎರಡನೆಯ ವಿಮಾನದ ಜಾತಕವನ್ನು ಸ್ವಲ್ಪ ನೋಡಿ: ವಿನ್ಯಾಸ ಮಾಸ್ಕೋದ್ದು, ಕಟ್ಟಿದ ಕಾರ್ಖಾನೆ ಈಗಿನ ಉಜ್ಬೆಕಿಸ್ತಾನದ ತಾಷ್ಕೆಂಟಿನಲ್ಲಿ, ಹಾರಿಸುತ್ತಿದ್ದುದು ಕಜಕಸ್ತಾನದ ಸಂಸ್ಥೆ, ಬಾಡಿಗೆಗೆ ಹಿಡಿದಿದ್ದುದು ಕಿರ್ಗಿಸ್ತಾನದ ಕಂಪನಿ. ಕೇವಲ ಐದು ವರ್ಷಗಳ ಹಿಂದೆ ಇವೆಲ್ಲ ಸೋವಿಯತ್ ಒಕ್ಕೂಟ ಎಂಬ ಒಂದೇ ದೇಶವಾಗಿದ್ದವು.

ದೆಹಲಿಯ ವಾಯುಸಂಚಾರ ನಿಯಂತ್ರಕರು ಕಜಕ್ ವಿಮಾನಕ್ಕೆ 15,000 ಅಡಿಯವರೆಗೆ ಇಳಿಯಲು ಅನುಮತಿ ಕೊಟ್ಟಿದ್ದರು. ಸೌದಿ ವಿಮಾನಕ್ಕೆ 14,000 ಅಡಿಯವರೆಗೆ ಏರಿ ಅಲ್ಲೇ ಇರಲು ಹೇಳಿದ್ದರು. ನಡುವೆ 1,000 ಅಡಿ, ಅಂದರೆ ಸುಮಾರು 305 ಮೀಟರ್ ಅಂತರ. ಎದುರಿನಿಂದ ಸೌದಿ ವಿಮಾನ ಬರುತ್ತಿದೆ, 14 ಮೈಲಿ ದೂರದಲ್ಲಿದೆ ಎಂದು ಕಜಕ್ ವಿಮಾನಕ್ಕೆ ಎಚ್ಚರಿಕೆಯೂ ಹೋಯಿತು. ಉತ್ತರವೂ ಬಂತು. 6 ಗಂಟೆ 40 ನಿಮಿಷದ ಆಸುಪಾಸಿನಲ್ಲಿ ರೇಡಾರ್ ಪರದೆಯ ಮೇಲಿನ ಎರಡು ಚುಕ್ಕೆಗಳು ಒಂದಾದವು, ಮತ್ತೆ ಬೇರೆಯಾಗಲಿಲ್ಲ. ದೆಹಲಿಯನ್ನು ಸಮೀಪಿಸುತ್ತಿದ್ದ ಅಮೆರಿಕ ವಾಯುಪಡೆಯ ಸಾಗಾಣಿಕೆ ವಿಮಾನವೊಂದರ ಸಿಬ್ಬಂದಿ, ಮೋಡದೊಳಗೆ ಕಿತ್ತಳೆ ಬಣ್ಣದ ಬೆಳಕು ಹೊತ್ತಿಕೊಂಡದ್ದನ್ನು ಕಂಡು ವರದಿ ಮಾಡಿದರು. ಹರಿಯಾಣದ ಚರ್ಖಿ ದಾದ್ರಿಯ ಸುತ್ತಲಿನ ಹೊಲಗಳ ಮೇಲೆ ಎರಡು ವಿಮಾನಗಳ ಚೂರುಗಳು ಬಿದ್ದವು. ಒಟ್ಟು 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ವಿಮಾನಗಳು ಡಿಕ್ಕಿ ಹೊಡೆದ ಘಟನೆಗಳಲ್ಲಿ ಇಷ್ಟು ಜನ ಸತ್ತದ್ದು ಬೇರೆಲ್ಲೂ ಇಲ್ಲ.

ನೀವು ಕೇಳಬಹುದು, ರೇಡಾರ್ ಇತ್ತಲ್ಲ, ಕಜಕ್ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗಿಳಿದದ್ದು ಕಾಣಿಸಲಿಲ್ಲವೇ ಎಂದು. ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ಅಂದು ದೆಹಲಿಯ ನಿಯಂತ್ರಕರು ಬಳಸುತ್ತಿದ್ದುದು ಪ್ರಾಥಮಿಕ ರೇಡಾರ್. ಬಾವಿಯೊಳಗೆ ಕೂಗಿ ಪ್ರತಿಧ್ವನಿ ಕೇಳಿದ ಹಾಗೆ, ಅದು ರೇಡಿಯೋ ತರಂಗವನ್ನು ಕಳಿಸಿ, ಲೋಹದ ಮೈಗೆ ತಾಗಿ ಹಿಂದಿರುಗಿದ್ದನ್ನು ಹಿಡಿಯುತ್ತದೆ. ದಿಕ್ಕು ಗೊತ್ತಾಗುತ್ತದೆ, ದೂರ ಗೊತ್ತಾಗುತ್ತದೆ. ಎತ್ತರ ಗೊತ್ತಾಗುವುದಿಲ್ಲ. ದ್ವಿತೀಯಕ ರೇಡಾರ್ ಹಾಗಲ್ಲ. ಅದು ವಿಮಾನವನ್ನು ಪ್ರಶ್ನೆ ಕೇಳುತ್ತದೆ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಯಂತ್ರ ತಾನು ಯಾರು, ಎಷ್ಟು ಎತ್ತರದಲ್ಲಿದ್ದೇನೆ ಎಂದು ಉತ್ತರ ಕೊಡುತ್ತದೆ. ಅಂಥ ರೇಡಾರ್ ದೆಹಲಿಗೆ ಬರುವ ಹಂತದಲ್ಲಿತ್ತು, ಬಳಕೆಗೆ ಬಂದಿರಲಿಲ್ಲ. ಹೀಗಾಗಿ ಪೈಲಟ್ ಬಾಯಿಂದ ಹೇಳಿದ ಎತ್ತರವನ್ನು ನಂಬುವುದೊಂದೇ ದಾರಿ. ಇದರ ಮೇಲೆ ಇನ್ನೊಂದು ತೊಡಕು. ದೆಹಲಿಯ ಸುತ್ತಲಿನ ಆಕಾಶದ ಬಹುಭಾಗ ವಾಯುಪಡೆಗೆ ಮೀಸಲಾಗಿತ್ತು. ನಾಗರಿಕ ವಿಮಾನಗಳು ಬರುವುದಕ್ಕೂ ಹೋಗುವುದಕ್ಕೂ ಒಂದೇ ಓಣಿ.

ಬೆಳಗಾಗುವಷ್ಟರಲ್ಲಿ ತಪ್ಪು ಯಾರದು ಎಂಬ ವಾದ ಶುರುವಾಗಿತ್ತು. ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಬಾರದು, ಅಡಿ ಮತ್ತು ಮೀಟರುಗಳಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ ಎಂದು ನಮ್ಮ ಕಡೆಯವರು ಹೇಳಿದರು. ಸೋವಿಯತ್ ವಿಮಾನಗಳ ಎತ್ತರಮಾಪಕ ಮೀಟರುಗಳಲ್ಲಿರುತ್ತಿದ್ದುದು ನಿಜ. ಮೋಡದೊಳಗಿನ ಗಾಳಿಯ ಹೊಡೆತಕ್ಕೆ ವಿಮಾನ ಕೆಳಗೆ ಕುಸಿಯಿತು ಎಂದು ಕಜಕಸ್ತಾನದವರು ವಾದಿಸಿದರು. ಹಳೆಯ ರೇಡಾರ್ ಮತ್ತು ಒಂದೇ ಓಣಿಯ ಬಗ್ಗೆ ನಮ್ಮ ದೇಶದೊಳಗೇ ಟೀಕೆ ಕೇಳಿಬಂತು. ಪ್ರತಿಯೊಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯಾಂಶ ಇತ್ತು, ಪ್ರತಿಯೊಬ್ಬರಿಗೂ ತಮ್ಮ ದೇಶದ ಮಾನದ ಚಿಂತೆಯೂ ಇತ್ತು. ಪರಿಹಾರದ ಹಣದ ಲೆಕ್ಕವೂ ಇದರ ಹಿಂದೆ ಇರುತ್ತದೆ ಎಂಬುದನ್ನು ಮರೆಯಬೇಡಿ.

ಇಂಥ ಜಗಳ ಬರುತ್ತದೆಂದು ಬಲ್ಲವರು ಬಹಳ ಹಿಂದೆಯೇ ಊಹಿಸಿದ್ದರು. ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದಾಗಲೇ, 1944ರ ಡಿಸೆಂಬರ್ 7ರಂದು ಅಮೆರಿಕದ ಷಿಕಾಗೋ ನಗರದಲ್ಲಿ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಬಿತ್ತು. ಅದರ 26ನೆಯ ವಿಧಿಯ ಪ್ರಕಾರ ಅಪಘಾತ ಯಾವ ದೇಶದ ನೆಲದಲ್ಲಿ ನಡೆಯಿತೋ ಆ ದೇಶ ತನಿಖೆ ನಡೆಸಬೇಕು. ವಿಮಾನ ಯಾವ ದೇಶದ್ದೋ ಅದಕ್ಕೆ ತನ್ನ ಪ್ರತಿನಿಧಿಯನ್ನು ಕಳಿಸುವ ಅವಕಾಶ ಕೊಡಬೇಕು. ಈ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ 'ಐಕಾವೊ', 1951ರಲ್ಲಿ ಅಪಘಾತ ತನಿಖೆಗೆಂದೇ 13ನೆಯ ಅನುಬಂಧವನ್ನು ಅಂಗೀಕರಿಸಿತು. ವಿಮಾನ ನೋಂದಣಿಯಾದ ದೇಶ, ಹಾರಿಸುವ ದೇಶ, ವಿನ್ಯಾಸ ಮಾಡಿದ ದೇಶ, ತಯಾರಿಸಿದ ದೇಶ, ಹೀಗೆ ಎಲ್ಲರಿಗೂ ತನಿಖೆಯ ಕೊಠಡಿಯಲ್ಲಿ ಕುರ್ಚಿ ಸಿಗುವುದು ಈಗ ಈ ಅನುಬಂಧದ ಬಲದಿಂದಲೇ. ಅದರಲ್ಲಿ ಒಂದು ಮಾತು ಬಹಳ ಮುಖ್ಯ: ತನಿಖೆಯ ಏಕೈಕ ಉದ್ದೇಶ ಮುಂದೆ ಅಪಘಾತ ಆಗದಂತೆ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ನನ್ನನ್ನು ಕೇಳಿದರೆ ಇಪ್ಪತ್ತನೆಯ ಶತಮಾನದ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಷ್ಟು ವಿವೇಕದ ಮಾತುಗಳು ಹೆಚ್ಚಿಲ್ಲ. ಇಷ್ಟು ಸುಲಭವಾಗಿ ಮುರಿಯುವ ಮಾತುಗಳೂ ಹೆಚ್ಚಿಲ್ಲ.

ಚರ್ಖಿ ದಾದ್ರಿ ನಮ್ಮ ನೆಲವಾದ್ದರಿಂದ ತನಿಖೆ ನಮ್ಮದಾಯಿತು. ಆಗ ದೆಹಲಿ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ನೇತೃತ್ವದಲ್ಲಿ ವಿಚಾರಣಾ ನ್ಯಾಯಾಲಯ ನೇಮಕವಾಯಿತು. ಮುಂದೆ ಇವರೇ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ದೊಡ್ಡ ಅಪಘಾತವಾದಾಗ ನ್ಯಾಯಾಧೀಶರನ್ನು ನೇಮಿಸುವುದು ಆಗ ನಮ್ಮಲ್ಲಿ ರೂಢಿ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಏರ್‌ಬಸ್ 320 ಬಿದ್ದು 92 ಜನ ಸತ್ತಾಗಲೂ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರೇ ವಿಚಾರಣೆ ನಡೆಸಿದ್ದರು.

ಈಗ ಪೆಟ್ಟಿಗೆಗಳ ಮಾತು. ಎರಡೂ ವಿಮಾನಗಳ ದಾಖಲೆ ಯಂತ್ರಗಳು ಸಿಕ್ಕವು. ಸೌದಿ ವಿಮಾನದ್ದು ಇಂಗ್ಲೆಂಡಿನ ಫಾರ್ನ್‌ಬರೋಗೆ ಹೋಯಿತು; ಬ್ರಿಟನ್ನಿನ ಅಪಘಾತ ತನಿಖಾ ಶಾಖೆ ಇರುವುದು ಅಲ್ಲಿ. ಕಜಕ್ ವಿಮಾನದ್ದು ಮಾಸ್ಕೋಗೆ ಹೋಯಿತು. ಅಪಘಾತ ತನಿಖಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಅವನ್ನು ಓದಲಾಯಿತು.

ಇದೇನು, ನಮ್ಮಲ್ಲೇ ತೆರೆದು ಓದಬಹುದಿತ್ತಲ್ಲ ಎನ್ನಿಸುವುದು ಸಹಜ. ಆದರೆ ಆ ಪೆಟ್ಟಿಗೆಯಲ್ಲಿ 'ಎತ್ತರ 14,500 ಅಡಿ' ಎಂದು ಬರೆದಿರುವುದಿಲ್ಲ. ಅಲ್ಲಿರುವುದು ಬರೀ ಸಂಕೇತಗಳು. ಯಾವ ಸಂಕೇತ ಯಾವ ಉಪಕರಣದಿಂದ ಬಂತು, ಅದನ್ನು ಎತ್ತರವಾಗಿ ಅಥವಾ ವೇಗವಾಗಿ ಮಾರ್ಪಡಿಸುವ ಸೂತ್ರ ಯಾವುದು ಎಂಬುದು ಆ ಮಾದರಿಯ ವಿಮಾನವನ್ನು ಬಲ್ಲವರ ಬಳಿ ಇರುತ್ತದೆ. ಬೀಗ ಒಂದು ಊರಿನಲ್ಲಿ, ಬೀಗದ ಕೈ ಇನ್ನೊಂದು ಊರಿನಲ್ಲಿ. ಜೊತೆಗೆ ಸುಟ್ಟು, ಜಜ್ಜಿಹೋದ ಟೇಪನ್ನು ಹಾಳಾಗದಂತೆ ಬಿಡಿಸುವುದು ಪ್ರತ್ಯೇಕ ವಿದ್ಯೆ. ಇದಾದ ಮೇಲೆ ಇನ್ನೂ ದೊಡ್ಡ ಕೆಲಸ: ಎರಡು ವಿಮಾನಗಳ ದಾಖಲೆ, ಕಾಕ್‌ಪಿಟ್ಟಿನ ಮಾತುಕತೆ, ದೆಹಲಿಯ ನಿಯಂತ್ರಣ ಗೋಪುರದ ಧ್ವನಿಮುದ್ರಿಕೆ, ಇವೆಲ್ಲವನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವುದು. ಸಂಕಲನ ಕೊಠಡಿಯಲ್ಲಿ ದಿನ ಕಳೆಯುವ ನನ್ನಂಥವರಿಗೆ ಇದರ ಕಷ್ಟ ಗೊತ್ತು. ಮೂರು ಕ್ಯಾಮೆರಾಗಳ ದೃಶ್ಯಕ್ಕೆ ಧ್ವನಿ ಕೂಡಿಸುವಾಗ ಅರ್ಧ ಸೆಕೆಂಡು ಹಿಂದುಮುಂದಾದರೂ ಯಾರು ಪ್ರಶ್ನೆ ಕೇಳಿದರು, ಯಾರು ಉತ್ತರ ಕೊಟ್ಟರು ಎಂಬುದೇ ಅದಲುಬದಲಾಗುತ್ತದೆ. ನಮಗಾದರೆ ಕಾರ್ಯಕ್ರಮ ಕೆಡುತ್ತದೆ, ಅಷ್ಟೇ.

ಕಜಕ್ ಪೆಟ್ಟಿಗೆಗೆ ಮಾಸ್ಕೋದಲ್ಲಿ ಬಾಗಿಲು ತೆರೆದಿದ್ದಕ್ಕೆ ಇನ್ನೊಂದು ಹಿನ್ನೆಲೆ ಇದೆ. ಸೋವಿಯತ್ ಒಕ್ಕೂಟ ಒಡೆದಾಗ ಹೊಸ ದೇಶಗಳಿಗೆ ಧ್ವಜ ಬಂತು, ನಾಣ್ಯ ಬಂತು, ಪಾಲಿಗೆ ಒಂದಿಷ್ಟು ವಿಮಾನಗಳೂ ಬಂದವು. ಆದರೆ ಪ್ರಯೋಗಾಲಯಗಳನ್ನು, ತಜ್ಞರನ್ನು ತುಂಡು ಮಾಡಿ ಹಂಚಲು ಬರುತ್ತದೆಯೇ? ಅದಕ್ಕಾಗಿ 1991ರ ಡಿಸೆಂಬರಿನಲ್ಲಿ, ಒಕ್ಕೂಟ ಮುಗಿದ ಕೆಲವೇ ದಿನಗಳಲ್ಲಿ, ಈ ದೇಶಗಳು ಸೇರಿ ಅಂತರರಾಜ್ಯ ವಿಮಾನಯಾನ ಸಮಿತಿಯನ್ನು ಕಟ್ಟಿಕೊಂಡವು. ರಷ್ಯನ್ ಹೆಸರಿನ ಮೊದಲಕ್ಷರಗಳಿಂದ ಅದನ್ನು 'ಮಾಕ್' ಎನ್ನುತ್ತಾರೆ. ಕೇಂದ್ರ ಮಾಸ್ಕೋದಲ್ಲಿ. ಕಜಕಸ್ತಾನ, ಅಜರ್‌ಬೈಜಾನ್‌ಗಳೂ ಅದರಲ್ಲಿ ಸೇರಿದವು. ಆಸ್ತಿ ಪಾಲಾದ ಮೇಲೂ ಅಣ್ಣತಮ್ಮಂದಿರು ಬಾವಿಯೊಂದನ್ನು ಹಂಚದೆ ಉಳಿಸಿಕೊಳ್ಳುತ್ತಾರಲ್ಲ, ಅಂಥ ಏರ್ಪಾಡು ಇದು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಪೆಟ್ಟಿಗೆಗಳು ಹೇಳಿದ್ದೇನು? ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲಲೇ ಇಲ್ಲ, ಇಳಿಯುತ್ತಲೇ ಹೋಗಿತ್ತು. ನಿಯಂತ್ರಕರ ಜೊತೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವನು ಪೈಲಟ್ ಅಲ್ಲ, ಹಿಂದೆ ಕುಳಿತ ರೇಡಿಯೋ ಆಪರೇಟರ್. ಅವನ ಎದುರು ಎತ್ತರಮಾಪಕವೇ ಇರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಎತ್ತರ ತಪ್ಪಿದೆ ಎಂಬುದು ಕೊನೆಯ ಕ್ಷಣಗಳಲ್ಲಿ ಅವನಿಗೆ ಹೊಳೆಯಿತು. ಮೇಲಕ್ಕೆ ಏರಿ ಎಂದು ಅವನು ಅವಸರಿಸಿದ್ದು, ವಿಮಾನ ತುಸು ಏರತೊಡಗಿದ್ದು ದಾಖಲಾಗಿದೆ. ಇಲ್ಯೂಷಿನ್‌ನ ಬಾಲ ಬೋಯಿಂಗ್‌ನ ಎಡರೆಕ್ಕೆಯನ್ನು ಸೀಳಿಬಿಟ್ಟಿತು. 1997ರ ಜುಲೈಯಲ್ಲಿ ಸಲ್ಲಿಸಿದ ಲಾಹೋಟಿ ವರದಿ, ಅನುಮತಿಯಿಲ್ಲದೆ 14,000 ಅಡಿಗೆ ಇಳಿದದ್ದೇ ಅಪಘಾತದ ಮೂಲ ಕಾರಣ ಎಂದಿತು. ಗಾಳಿಯ ಹೊಡೆತದ ವಾದ ನಿಲ್ಲಲಿಲ್ಲ. ಕಜಕ್ ಸಿಬ್ಬಂದಿಯ ಇಂಗ್ಲಿಷ್ ಜ್ಞಾನ ಸಾಲದಾಗಿದ್ದುದನ್ನೂ, ಕಾಕ್‌ಪಿಟ್ಟಿನಲ್ಲಿ ಒಬ್ಬರಿಗೊಬ್ಬರ ಹೊಂದಾಣಿಕೆ ಇಲ್ಲದಿದ್ದುದನ್ನೂ ವರದಿ ಎತ್ತಿ ತೋರಿಸಿತು.

ಆದರೆ ವರದಿಯ ನಂತರ ಬದಲಾದದ್ದು ಕಜಕ್ ಸಿಬ್ಬಂದಿಯ ತರಬೇತಿಯೊಂದೇ ಅಲ್ಲ. ದೆಹಲಿಗೆ ಬರುವ ದಾರಿ, ಹೋಗುವ ದಾರಿ ಬೇರೆ ಬೇರೆಯಾದವು. ಎತ್ತರ ತೋರಿಸುವ ರೇಡಾರ್ ಕೆಲಸ ಆರಂಭಿಸಿತು. ಭಾರತದ ಆಕಾಶಕ್ಕೆ ಬರುವ ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಯಂತ್ರ, ಅಂದರೆ 'ಟಿಕಾಸ್', ಕಡ್ಡಾಯವಾಯಿತು. ತಪ್ಪು ಕಜಕ್ ವಿಮಾನದ್ದು ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಒಂದೇ ಓಣಿ ಹಾಗೆಯೇ ಉಳಿಯುತ್ತಿತ್ತು. 13ನೆಯ ಅನುಬಂಧದ ಆ ಮಾತಿಗೆ ಅರ್ಥ ಇರುವುದು ಇಲ್ಲಿ.

ಟಿಕಾಸ್ ಕೆಲಸ ಮಾಡುವ ಬಗೆ ಚೆನ್ನಾಗಿದೆ. ಗದ್ದೆಯ ಬದುವಿನ ಮೇಲೆ ಎದುರುಬದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಬದಿಗೆ ಹೆಜ್ಜೆ ಇಟ್ಟು ಮತ್ತೆ ಎದುರಾಗುವುದನ್ನು ನೋಡಿದ್ದೀರಲ್ಲ? ಹಾಗಾಗದಂತೆ ಎರಡು ವಿಮಾನಗಳ ಯಂತ್ರಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಒಂದಕ್ಕೆ 'ಏರು' ಎಂದೂ ಇನ್ನೊಂದಕ್ಕೆ 'ಇಳಿ' ಎಂದೂ ಹೇಳುತ್ತವೆ. ನೆಲದ ಮೇಲಿನ ಯಾರ ಅಪ್ಪಣೆಯೂ ಬೇಡ. ಯಂತ್ರ ಬಂತು, ಸಮಸ್ಯೆ ತೀರಿತು ಎಂದುಕೊಂಡರು. ಆದರೆ ಯಂತ್ರ ಒಂದು ಹೇಳಿ, ನಿಯಂತ್ರಕ ಇನ್ನೊಂದು ಹೇಳಿದರೆ ಪೈಲಟ್ ಯಾರ ಮಾತು ಕೇಳಬೇಕು? ಇದಕ್ಕೆ ಎಲ್ಲ ದೇಶಗಳ ಕೈಪಿಡಿಗಳಲ್ಲಿ ಒಂದೇ ಸ್ಪಷ್ಟ ಉತ್ತರ ಇರಲಿಲ್ಲ.

2001ರ ಜನವರಿ 31ರಂದು ಜಪಾನಿನಲ್ಲಿ ಒಂದೇ ಸಂಸ್ಥೆಯ ಎರಡು ವಿಮಾನಗಳು ಕೂದಲೆಳೆಯಷ್ಟರಲ್ಲಿ ಪಾರಾದವು. ಎರಡರಲ್ಲೂ ಸೇರಿ 677 ಜನರಿದ್ದರು. ಒಬ್ಬ ಪೈಲಟ್ ಯಂತ್ರದ ಮಾತು ಕೇಳಿದ್ದ, ಇನ್ನೊಬ್ಬ ನಿಯಂತ್ರಕನ ಮಾತು ಕೇಳಿದ್ದ. ಎಷ್ಟು ದೊಡ್ಡ ಎಚ್ಚರಿಕೆ ನೋಡಿ! ಆದರೆ ಆ ಪಾಠ ಜಗತ್ತಿನ ನಿಯಮವಾಗಿ ಬದಲಾಗುವ ಮೊದಲೇ ಕಾಲ ಮೀರಿತು.

2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್‌ಲಿಂಗೆನ್ ಊರಿನ ಮೇಲೆ ರಷ್ಯದ ಟುಪೊಲೆವ್ 154 ವಿಮಾನವೂ ಒಂದು ಸರಕು ಬೋಯಿಂಗ್ 757 ವಿಮಾನವೂ ಡಿಕ್ಕಿಯಾದವು. ಸತ್ತವರು 71 ಮಂದಿ. ಅವರಲ್ಲಿ 52 ಜನ ಮಕ್ಕಳು. ಬಹುತೇಕರು ಸ್ಪೇನಿಗೆ ಪ್ರವಾಸ ಹೊರಟಿದ್ದ ಶಾಲಾ ವಿದ್ಯಾರ್ಥಿಗಳು, ನಿಮ್ಮ ವಯಸ್ಸಿನವರು. ಎರಡೂ ವಿಮಾನಗಳಲ್ಲಿ ಟಿಕಾಸ್ ಇತ್ತು, ಎರಡೂ ಸರಿಯಾಗಿಯೇ ಕೆಲಸ ಮಾಡಿದವು. ಸರಕು ವಿಮಾನಕ್ಕೆ ಇಳಿಯಲು, ರಷ್ಯದ ವಿಮಾನಕ್ಕೆ ಏರಲು ಹೇಳಿದವು. ಆದರೆ ನೆಲದಿಂದ ನಿಯಂತ್ರಕ ರಷ್ಯದ ವಿಮಾನಕ್ಕೆ ಇಳಿಯಲು ಹೇಳಿದ್ದ. ಅದರ ಸಿಬ್ಬಂದಿ ಮನುಷ್ಯನ ಮಾತು ಕೇಳಿದರು. ಎರಡೂ ಇಳಿದವು.

ಈ ಅಪಘಾತದಲ್ಲಿ ಗಡಿಯದ್ದೇ ದೊಡ್ಡ ಪಾತ್ರ. ಆಕಾಶ ಜರ್ಮನಿಯದು, ಅದನ್ನು ನೋಡಿಕೊಳ್ಳುತ್ತಿದ್ದುದು ಸ್ವಿಟ್ಜರ್‌ಲೆಂಡಿನ ಜೂರಿಚ್ ಕೇಂದ್ರ. ಆ ರಾತ್ರಿ ಅಲ್ಲಿ ದುರಸ್ತಿ ನಡೆಯುತ್ತಿತ್ತು. ಡಿಕ್ಕಿಯ ಮುನ್ನೆಚ್ಚರಿಕೆ ತೋರಿಸುವ ವ್ಯವಸ್ಥೆಯೂ ಮುಖ್ಯ ಟೆಲಿಫೋನ್ ಸಂಪರ್ಕವೂ ಸ್ಥಗಿತವಾಗಿದ್ದವು. ಇಬ್ಬರು ನಿಯಂತ್ರಕರಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರಿಂದ ಉಳಿದವನು ಎರಡು ಪರದೆಗಳ ಮುಂದೆ ಓಡಾಡಬೇಕಾಗಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ತಮ್ಮ ಪರದೆಯ ಮೇಲೆ ಅಪಾಯ ಕಂಡಿತು. ಜೂರಿಚ್‌ಗೆ ಮತ್ತೆ ಮತ್ತೆ ಫೋನ್ ಮಾಡಿದರು. ತಾಗಲಿಲ್ಲ. ಆ ವಿಮಾನಗಳ ಜೊತೆ ನೇರ ಮಾತಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಎರಡು ವಿಮಾನಗಳು ಒಂದರತ್ತ ಒಂದು ಬರುತ್ತಿರುವುದನ್ನು ನೋಡುತ್ತ, ಕೈಯಲ್ಲಿ ಫೋನು ಹಿಡಿದು ನಿಂತವರ ಸ್ಥಿತಿಯನ್ನು ಯೋಚಿಸಿ.

ತನಿಖೆ ಜರ್ಮನಿಯದಾಯಿತು, ರಷ್ಯ, ಸ್ವಿಟ್ಜರ್‌ಲೆಂಡ್, ಅಮೆರಿಕಗಳ ಪ್ರತಿನಿಧಿಗಳೂ ಇದ್ದರು. ತನಿಖೆ ಇನ್ನೂ ಮುಗಿಯದಿದ್ದಾಗಲೇ, 2003ರಲ್ಲಿ, ಟಿಕಾಸ್ ಮತ್ತು ನಿಯಂತ್ರಕರ ಮಾತು ವಿರುದ್ಧವಾದರೆ ಟಿಕಾಸ್ ಮಾತನ್ನೇ ಪಾಲಿಸಬೇಕು ಎಂದು ಐಕಾವೊ ನಿಯಮವನ್ನು ಸ್ಪಷ್ಟಪಡಿಸಿತು. 2004ರ ಮೇ ತಿಂಗಳಲ್ಲಿ ವರದಿ ಬಂತು. ಅದಕ್ಕೂ ಮೂರು ತಿಂಗಳು ಮುಂಚೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡಿದ್ದ ತಂದೆಯೊಬ್ಬ ಆ ರಾತ್ರಿಯ ನಿಯಂತ್ರಕನನ್ನು ಮನೆಯ ಬಾಗಿಲಲ್ಲೇ ಇರಿದು ಕೊಂದ. ನಿಯಂತ್ರಕನೊಬ್ಬನನ್ನೇ ದೂರುವಂತಿಲ್ಲ ಎಂದು ವಿವರವಾಗಿ ತೋರಿಸಿದ ವರದಿ ಅವನ ಪ್ರಾಣ ಉಳಿಸಲು ತಡವಾಗಿ ಬಂದಿತ್ತು. ಇನ್ನು ಕಾನೂನಿನ ಮಾತು: ತನ್ನ ಆಕಾಶದ ಕಾವಲನ್ನು ಪರದೇಶದ ಕಂಪನಿಗೆ ಬಿಟ್ಟುಕೊಡಲು ಜರ್ಮನಿ ಸರಿಯಾದ ಕಾನೂನಿನ ಆಧಾರವನ್ನೇ ಮಾಡಿಕೊಂಡಿರಲಿಲ್ಲ, ಆದ್ದರಿಂದ ಹೊಣೆ ಜರ್ಮನಿಯದು ಎಂದು 2006ರಲ್ಲಿ ಅಲ್ಲಿನ ಕಾನ್‌ಸ್ಟಾನ್ಸ್ ನ್ಯಾಯಾಲಯ ತೀರ್ಪು ಕೊಟ್ಟಿತು. ನೆರೆಹೊರೆಯ ನಂಬಿಕೆಯಲ್ಲಿ ವರ್ಷಾನುಗಟ್ಟಲೆ ನಡೆದುಬಂದಿದ್ದ ಏರ್ಪಾಡು ಅದು. ಕಾಗದ ಇರಲಿಲ್ಲ.

ಶ್ರೀಮಂತ ದೇಶಗಳ ಕಥೆಯೇ ಹೀಗಾದರೆ ಹತ್ತಾರು ವಿಮಾನಗಳಷ್ಟೇ ಇರುವ ಬಡ ದೇಶಗಳ ಪಾಡೇನು? ನಮ್ಮ ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಪದ್ಧತಿ ಇದೆ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ವಿಮಾನಯಾನದಲ್ಲೂ ಇದು ಬೆಳೆದಿದೆ. ಪಶ್ಚಿಮ ಆಫ್ರಿಕದ ಏಳು ದೇಶಗಳು ಬಾಂಜುಲ್ ಒಪ್ಪಂದದ ಅಡಿಯಲ್ಲಿ ಒಂದೇ ತನಿಖಾ ಸಂಸ್ಥೆಯನ್ನು ಕಟ್ಟಿಕೊಂಡಿವೆ. ನಮ್ಮ ದಕ್ಷಿಣ ಏಷ್ಯದಲ್ಲಿ 1990ರ ದಶಕದ ಕೊನೆಯಲ್ಲಿ ಐಕಾವೊ ನೆರವಿನಿಂದ ಸುರಕ್ಷತೆಯ ಸಹಕಾರ ಯೋಜನೆಯೊಂದು ಆರಂಭವಾಯಿತು. ಭಾರತ, ಪಾಕಿಸ್ತಾನ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್‌ಗಳು ಅದರಲ್ಲಿ ಒಂದೇ ಮೇಜಿನ ಮುಂದೆ ಕುಳಿತವು. ಬೇರೆ ವಿಷಯಗಳಲ್ಲಿ ಇವು ಎಷ್ಟು ಸಲ ಹಾಗೆ ಕುಳಿತಿವೆ ಎಂದು ನೀವೇ ಲೆಕ್ಕ ಹಾಕಿ. 2014ರ ಡಿಸೆಂಬರ್ 28ರಂದು ಜಾವಾ ಸಮುದ್ರದಲ್ಲಿ ಇಂಡೊನೇಷ್ಯದ ಏರ್‌ಏಷ್ಯ ವಿಮಾನ ಮುಳುಗಿದಾಗ ಅದರ ಮುಖ್ಯ ಒಡಲನ್ನು ಪತ್ತೆ ಮಾಡಿದ್ದು ಸಿಂಗಪುರದ ನೌಕೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ವಿಮಾನ ಬಿದ್ದು 72 ಜನ ಸತ್ತಾಗ ಪೆಟ್ಟಿಗೆ ಓದಿಸಲು ನೇಪಾಳ ಹೋದದ್ದು ಅದೇ ಸಿಂಗಪುರಕ್ಕೆ.

ಮುಯ್ಯಾಳಿನಲ್ಲಿ ಒಬ್ಬನೇ ಯಜಮಾನನಾದರೆ ಏನಾಗುತ್ತದೆ ಎಂಬುದಕ್ಕೆ ಮಾಕ್ ಸಂಸ್ಥೆಯ ಮುಂದಿನ ಕಥೆ ಸಾಕ್ಷಿ. ವಿಮಾನಗಳಿಗೆ ಯೋಗ್ಯತಾ ಪ್ರಮಾಣಪತ್ರ ಕೊಡುವುದೂ ಅಪಘಾತವಾದರೆ ತನಿಖೆ ಮಾಡುವುದೂ ಬಹುಕಾಲ ಅದರದೇ ಕೆಲಸವಾಗಿತ್ತು. ಪ್ರಶ್ನೆಪತ್ರಿಕೆ ತೆಗೆದವರೇ ಉತ್ತರ ಬರೆದು, ತಾವೇ ಅಂಕವನ್ನೂ ಕೊಟ್ಟ ಹಾಗೆ. 2010ರ ಏಪ್ರಿಲ್ 10ರಂದು ರಷ್ಯದ ಸ್ಮೊಲೆನ್‌ಸ್ಕ್ ಬಳಿ ಪೋಲೆಂಡಿನ ಅಧ್ಯಕ್ಷರ ವಿಮಾನ ಬಿದ್ದು, ಅಧ್ಯಕ್ಷರೂ ಸೇರಿ 96 ಜನ ತೀರಿಕೊಂಡರು. ಮಾಕ್ ತನ್ನ ವರದಿಯಲ್ಲಿ ಪೋಲಿಷ್ ಸಿಬ್ಬಂದಿಯ ಲೋಪಗಳನ್ನು ಹೇಳಿತು. ಪೋಲೆಂಡ್ ತನ್ನದೇ ತನಿಖೆ ನಡೆಸಿ, ತಮ್ಮವರ ಲೋಪಗಳನ್ನು ಒಪ್ಪಿಕೊಂಡೇ, ರಷ್ಯದ ನಿಯಂತ್ರಕರ ಲೋಪಗಳನ್ನೂ ಸೇರಿಸಿತು. ಇವತ್ತಿಗೂ ಆ ಗಾಯ ಮಾಗಿಲ್ಲ.

ಈಗ ಮತ್ತೆ ಕಜಕಸ್ತಾನಕ್ಕೆ ಬನ್ನಿ. 2024ರ ಡಿಸೆಂಬರ್ 25ರಂದು ಅಜರ್‌ಬೈಜಾನಿನ ಎಂಬ್ರೇರ್ 190 ವಿಮಾನ ಬಾಕು ನಗರದಿಂದ ರಷ್ಯದ ಗ್ರೋಜ್ನಿಗೆ ಹೊರಟಿತ್ತು. ಅಲ್ಲಿ ಇಳಿಯಲಾಗದೆ, ಏಟು ತಿಂದ ಸ್ಥಿತಿಯಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಬಂದು ಕಜಕಸ್ತಾನದ ಅಕ್ತಾವ್ ಬಳಿ ನೆಲಕ್ಕಪ್ಪಳಿಸಿತು. 67 ಜನರಲ್ಲಿ 38 ಮಂದಿ ಸತ್ತರು. ರಷ್ಯದ ವಾಯುರಕ್ಷಣಾ ಕ್ಷಿಪಣಿಯ ಹೊಡೆತ ಇದು ಎಂಬ ಅನುಮಾನ ಅಂದೇ ಎದ್ದಿತು. ತಮ್ಮ ಕ್ಷಿಪಣಿಗಳು ಆ ವಿಮಾನದ ಸಮೀಪ ಸಿಡಿದವೆಂದು ರಷ್ಯದ ಅಧ್ಯಕ್ಷರೇ 2025ರ ಅಕ್ಟೋಬರಿನಲ್ಲಿ ಹೇಳಿದರು. ಅಪಘಾತವಾದಾಗ, ಹಳೆಯ ರೂಢಿಯಂತೆ ತನಿಖೆ ಮಾಕ್ ಕೈಗೆ ಹೋಗುವುದನ್ನು ಅಜರ್‌ಬೈಜಾನ್ ಒಪ್ಪಲಿಲ್ಲ. ಕಜಕಸ್ತಾನ ತನಿಖೆಯನ್ನು ತಾನೇ ಕೈಗೆತ್ತಿಕೊಂಡಿತು. ಪೆಟ್ಟಿಗೆಗಳು ಹೋದದ್ದು ಮಾಸ್ಕೋಗಲ್ಲ, ವಿಮಾನ ತಯಾರಿಸಿದ ದೇಶವಾದ ದೂರದ ಬ್ರೆಜಿಲ್‌ಗೆ. 1996ರಲ್ಲಿ ತನ್ನ ಪೆಟ್ಟಿಗೆಯನ್ನು ಮಾಸ್ಕೋಗೆ ಕಳಿಸಿದ್ದ ದೇಶ, 28 ವರ್ಷಗಳ ನಂತರ ಇನ್ನೊಂದು ಪೆಟ್ಟಿಗೆಯನ್ನು ಭೂಮಿಯ ಆ ಬದಿಗೆ ಕಳಿಸಿತು.

ನಮ್ಮ ಪೆಟ್ಟಿಗೆಗಳ ದಾರಿಯೂ ಬದಲಾಗಿದೆ. ಅದರಲ್ಲಿ ಕರ್ನಾಟಕದ ಒಂದು ನೋವಿನ ಅಧ್ಯಾಯವಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಮಂದಿ ಬದುಕಿ ಉಳಿದರು. ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ವಿಚಾರಣಾ ನ್ಯಾಯಾಲಯ ತನಿಖೆ ನಡೆಸಿತು, ಅಮೆರಿಕದ ತನಿಖಾ ಮಂಡಳಿ ನೆರವಾಯಿತು. ವಿಮಾನಯಾನದ ನಿಯಂತ್ರಣ ಸಂಸ್ಥೆಯ ಹಂಗಿನಿಂದ ತನಿಖೆಯನ್ನು ಬೇರ್ಪಡಿಸಬೇಕೆಂಬ ಒತ್ತಾಯ ಆಗ ಬಲವಾಯಿತು. 2012ರಲ್ಲಿ ಹೊಸ ನಿಯಮಗಳೊಂದಿಗೆ ವಿಮಾನ ಅಪಘಾತ ತನಿಖಾ ಕೇಂದ್ರ ಸ್ಥಾಪನೆಯಾಯಿತು. ನಿಯಂತ್ರಣ ಸಂಸ್ಥೆಯಂತೆ ಇದೂ ಅದೇ ಸಚಿವಾಲಯದ ಸೂರಿನಡಿಯೇ ಇದೆ. ಬೇರ್ಪಡಿಕೆ ಅರ್ಧ ದಾರಿಯಲ್ಲಿ ನಿಂತಿದೆ ಎಂಬುದು ನನ್ನ ಅನಿಸಿಕೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ಬೋಯಿಂಗ್ 787 ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತಾಗ, ಪೆಟ್ಟಿಗೆಯ ದಾಖಲೆಯನ್ನು ದೆಹಲಿಯ ನಮ್ಮದೇ ಪ್ರಯೋಗಾಲಯದಲ್ಲಿ ಹೊರತೆಗೆಯಲಾಯಿತು. ವಿಮಾನ ತಯಾರಿಸಿದ ಅಮೆರಿಕದ, ಸತ್ತವರಲ್ಲಿ ಅನೇಕರ ತಾಯ್ನಾಡಾದ ಬ್ರಿಟನ್ನಿನ ತಜ್ಞರು ತನಿಖೆಯಲ್ಲಿ ಭಾಗವಹಿಸಿದರು. ಪ್ರಾಥಮಿಕ ವರದಿ ಮುಂದಿನ ತಿಂಗಳೇ ಪ್ರಕಟವಾಯಿತು.

ಇಂಥ ವರದಿಗಳು ಗುಟ್ಟಿನ ಕಾಗದಗಳಲ್ಲ. ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ನೀವೇ ತೆರೆದು ನೋಡಬಹುದು. ಮೊದಲ ಪುಟದಲ್ಲಿ ಸಾಮಾನ್ಯವಾಗಿ, ಇದು ತಪ್ಪು ಹೊರಿಸಲು ಬರೆದದ್ದಲ್ಲ ಎಂಬ ಸಾಲು ಇರುತ್ತದೆ. ಆಮೇಲೆ ಕೊನೆಯ ಪುಟಗಳಿಗೆ ಹೋಗಿ. ಕರಡನ್ನು ಓದಿದ ಬೇರೆ ದೇಶಗಳು ಎತ್ತಿದ, ತನಿಖೆ ನಡೆಸಿದ ದೇಶ ಒಪ್ಪದ ಆಕ್ಷೇಪಗಳನ್ನು ಅಲ್ಲಿ ಲಗತ್ತಿಸುವ ಏರ್ಪಾಡೂ ಅದೇ 13ನೆಯ ಅನುಬಂಧದಲ್ಲಿದೆ. ಸ್ಮೊಲೆನ್‌ಸ್ಕ್ ವರದಿಯ ಜೊತೆ ಪೋಲೆಂಡಿನ ಆಕ್ಷೇಪಗಳೂ ಹಾಗೆಯೇ ಪ್ರಕಟವಾದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿ.